ಚೀಟಿ ಎತ್ತಿ ಸತ್ಯವನ್ನು ಹುಡುಕಿದ ವಿಜ್ಞಾನಿ: ರೊನಾಲ್ಡ್ ಫಿಶರ್

ಕೃಷಿ ವಿಜ್ಞಾನ, ಪ್ರಾಣಿಶಾಸ್ತ್ರ, ಔಷಧ ವಿಜ್ಞಾನ ಮುಂತಾದ ವಿಷಯಗಳನ್ನು ಕಲಿಯುವ ನಮ್ಮ ವಿದ್ಯಾರ್ಥಿಗಳು ಪ್ರಯೋಗದ ಅಂಕಿ-ಅಂಶಗಳನ್ನು ಲೆಕ್ಕ ಹಾಕುವಾಗ ‘ಎಫ್’ ಎಂಬ ಅಕ್ಷರವನ್ನು ಪದೇ ಪದೇ ಕಾಣುತ್ತಾರೆ. ಪರೀಕ್ಷೆಗಾಗಿ ಅದರ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಆ ಅಕ್ಷರದ ಹಿಂದೆ ಒಬ್ಬ ಮನುಷ್ಯನ ಹೆಸರಿದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ರೊನಾಲ್ಡ್ ಐಲ್ಮರ್ ಫಿಶರ್ ಅವರ ಗೌರವಾರ್ಥವಾಗಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಸ್ನೆಡೆಕರ್ ಆ ಅಕ್ಷರವನ್ನು ಬಳಕೆಗೆ ತಂದರು. ಫಿಶರ್ ಅವರ ಬದುಕಿನಲ್ಲಿ ನಾವು ಕಲಿಯಬೇಕಾದ ಪಾಠವೂ ಇದೆ, ಎಚ್ಚರ ವಹಿಸಬೇಕಾದ ಪಾಠವೂ ಇದೆ.

ಫಿಶರ್ 1890ರ ಫೆಬ್ರವರಿ 17ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಕಲಾವಸ್ತುಗಳ ಹರಾಜು ವ್ಯಾಪಾರಿ. ಹದಿನಾಲ್ಕರ ಎಳೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಸ್ವಲ್ಪ ಕಾಲದಲ್ಲೇ ತಂದೆಯ ವ್ಯಾಪಾರವೂ ಮುಳುಗಿತು. ಹುಟ್ಟಿನಿಂದಲೇ ಅವರ ದೃಷ್ಟಿ ಮಂದ. ದೀಪದ ಬೆಳಕಿನಲ್ಲಿ ಓದಬಾರದೆಂದು ವೈದ್ಯರು ತಾಕೀತು ಮಾಡಿದ್ದರಿಂದ, ಸಂಜೆಯ ಗಣಿತ ಪಾಠವನ್ನು ಕಾಗದ, ಪೆನ್ಸಿಲುಗಳಿಲ್ಲದೆ ಕೇಳಿಸಿಕೊಂಡೇ ಕಲಿಯಬೇಕಾಯಿತು. ಈ ಕೊರತೆಯೇ ಅವರಿಗೆ ವರವಾಯಿತು. ಕಠಿಣ ಸಮಸ್ಯೆಗಳನ್ನು ಮನಸ್ಸಿನಲ್ಲೇ ಆಕೃತಿಗಳಾಗಿ ಕಂಡು ಬಿಡಿಸುವ ಅಪೂರ್ವ ಶಕ್ತಿ ಬೆಳೆಯಿತು.

ವಿದ್ಯಾರ್ಥಿವೇತನದ ನೆರವಿನಿಂದ 1909ರಲ್ಲಿ ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜು ಸೇರಿ, 1912ರಲ್ಲಿ ಗಣಿತದಲ್ಲಿ ಪದವಿ ಪಡೆದರು. ಮೊದಲ ಮಹಾಯುದ್ಧದ ಸಮಯದಲ್ಲಿ ಸೈನ್ಯ ಸೇರಲು ಹೋದಾಗ ಕಣ್ಣಿನ ದೋಷದಿಂದಾಗಿ ತಿರಸ್ಕೃತರಾದರು. ಕೆಲವು ವರ್ಷ ಶಾಲಾ ಶಿಕ್ಷಕರಾಗಿ ದುಡಿದರು. ಆ ದಿನಗಳಲ್ಲೂ ಅವರ ಅಧ್ಯಯನ ನಿಲ್ಲಲಿಲ್ಲ. 1918ರಲ್ಲಿ ಪ್ರಕಟವಾದ ಅನುವಂಶೀಯತೆಯ ಕುರಿತ ಪ್ರಬಂಧದಲ್ಲಿ ಅವರು ‘ವೇರಿಯನ್ಸ್’ ಎಂಬ ಪದವನ್ನು ಬಳಕೆಗೆ ತಂದರು. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ಅಳೆಯುವ ಮಾಪನವದು.

1919ರಲ್ಲಿ ಅವರಿಗೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಅಲ್ಲಿ 1843ರಿಂದ ನಡೆಯುತ್ತಿದ್ದ ಗೊಬ್ಬರದ ಪ್ರಯೋಗಗಳ ದಾಖಲೆಗಳು ರಾಶಿ ರಾಶಿಯಾಗಿ ಬಿದ್ದಿದ್ದವು. ಅವುಗಳಿಂದ ಏನಾದರೂ ಸಾರ ಹೊರಡುವುದೇ ಎಂದು ನೋಡುವುದು ಅವರ ಪಾಲಿನ ಕೆಲಸ. ತಾತ್ಕಾಲಿಕವಾಗಿ ಬಂದವರು ಅಲ್ಲಿ 14 ವರ್ಷ ಉಳಿದರು.

ಆ ದಾಖಲೆಗಳನ್ನು ತಿರುವಿ ಹಾಕುತ್ತಾ ಫಿಶರ್ ಒಂದು ಮೂಲಭೂತ ಲೋಪವನ್ನು ಕಂಡುಕೊಂಡರು. ಒಂದು ತಾಕಿಗೆ ಒಂದು ಗೊಬ್ಬರ, ಪಕ್ಕದ ತಾಕಿಗೆ ಇನ್ನೊಂದು ಗೊಬ್ಬರ ಹಾಕಿ ಫಸಲನ್ನು ತೂಗಿದರೆ ವ್ಯತ್ಯಾಸವೇನೋ ಕಾಣುತ್ತದೆ. ಆದರೆ ಅದು ಗೊಬ್ಬರದ ಗುಣವೋ ಮಣ್ಣಿನ ಗುಣವೋ ಹೇಳುವುದು ಹೇಗೆ? ಪ್ರಯೋಗ ಮಾಡುವವನೇ ತಾಕನ್ನು ಆರಿಸಿದರೆ, ತನಗೆ ಮೆಚ್ಚಿನ ಗೊಬ್ಬರಕ್ಕೆ ಒಳ್ಳೆಯ ಜಾಗವನ್ನು ಅರಿವಿಲ್ಲದೆಯೇ ಕೊಟ್ಟುಬಿಡಬಹುದು. ಇದಕ್ಕೆ ಫಿಶರ್ ಸೂಚಿಸಿದ ಪರಿಹಾರ ಬಹಳ ಸರಳ: ಆಯ್ಕೆಯನ್ನು ಮನುಷ್ಯನ ಕೈಯಿಂದ ತೆಗೆದು ಚೀಟಿಗೆ ಬಿಡಬೇಕು.

ಒಂದು ಕಲ್ಪಿತ ಉದಾಹರಣೆ ನೋಡೋಣ. ಒಂದೇ ಬಗೆಯ ಮಣ್ಣು ತುಂಬಿದ 12 ಕುಂಡಗಳಿವೆ. ಗೊಬ್ಬರವಿಲ್ಲದೆ ನಾಲ್ಕು, ಕೊಟ್ಟಿಗೆ ಗೊಬ್ಬರ ಹಾಕಿ ನಾಲ್ಕು, ರಾಸಾಯನಿಕ ಗೊಬ್ಬರ ಹಾಕಿ ನಾಲ್ಕು ಕುಂಡಗಳಲ್ಲಿ ಗಿಡ ಬೆಳೆಸಬೇಕು. ಯಾವ ಕುಂಡಕ್ಕೆ ಯಾವುದು ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಬೇಕು. ಇದಕ್ಕೆ ‘ಪೂರ್ಣ ಯಾದೃಚ್ಛಿಕ ವಿನ್ಯಾಸ’ ಎಂದು ಹೆಸರು. ಆರು ವಾರಗಳ ನಂತರ ಗಿಡಗಳ ಎತ್ತರ ಸೆಂಟಿಮೀಟರ್‌ಗಳಲ್ಲಿ ಹೀಗಿದೆ ಎಂದುಕೊಳ್ಳೋಣ: ಗೊಬ್ಬರವಿಲ್ಲದ ಗುಂಪು 9, 12, 10, 13, ಕೊಟ್ಟಿಗೆ ಗೊಬ್ಬರದ ಗುಂಪು 15, 12, 14, 15, ರಾಸಾಯನಿಕ ಗೊಬ್ಬರದ ಗುಂಪು 14, 18, 19, 17. ಸರಾಸರಿಗಳು ಕ್ರಮವಾಗಿ 11, 14 ಮತ್ತು 17. ಒಟ್ಟು ಸರಾಸರಿ 14.

ಇಲ್ಲಿ ಎರಡು ಬಗೆಯ ಏರುಪೇರುಗಳಿವೆ. ಒಂದೇ ಗುಂಪಿನ ಗಿಡಗಳ ನಡುವೆ ಇರುವ ವ್ಯತ್ಯಾಸಕ್ಕೆ ಗೊಬ್ಬರ ಕಾರಣವಲ್ಲ. ಅದು ಪ್ರಕೃತಿಯ ಸಹಜ ಏರುಪೇರು. ಪ್ರತಿ ಗಿಡವೂ ತನ್ನ ಗುಂಪಿನ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ಅಂತರಗಳನ್ನು ವರ್ಗ ಮಾಡಿ ಕೂಡಿದರೆ 30 ಬರುತ್ತದೆ. ಮೂರು ಗುಂಪುಗಳಲ್ಲಿ ತಲಾ ನಾಲ್ಕು ಗಿಡಗಳಿರುವುದರಿಂದ ಇದರ ಸ್ವಾತಂತ್ರ್ಯದ ಅಂಶ 9. ಭಾಗಿಸಿದರೆ 3.33. ಇನ್ನು ಗುಂಪುಗಳ ನಡುವಿನ ಏರುಪೇರು. ಗುಂಪಿನ ಸರಾಸರಿಗಳು ಒಟ್ಟು ಸರಾಸರಿಯಿಂದ ಇರುವ ಅಂತರಗಳನ್ನು ವರ್ಗ ಮಾಡಿ ಕೂಡಿ, ನಾಲ್ಕರಿಂದ ಗುಣಿಸಿದರೆ 72. ಇದರ ಸ್ವಾತಂತ್ರ್ಯದ ಅಂಶ 2. ಭಾಗಿಸಿದರೆ 36. ಈ 36ನ್ನು 3.33ರಿಂದ ಭಾಗಿಸಿದಾಗ ಬರುವ 10.8 ಎಂಬುದೇ ‘ಎಫ್’. ಗೊಬ್ಬರದಿಂದ ಏನೂ ಪರಿಣಾಮವಿಲ್ಲದಿದ್ದರೆ ಈ ಅನುಪಾತ ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುತ್ತದೆ. ನೂರಕ್ಕೆ ಐದು ಸಲ ಮಾತ್ರ ಅದು 4.26ನ್ನು ಮೀರುತ್ತದೆ. ಆದ್ದರಿಂದ 10.8 ಬಂದಾಗ, ಇದು ಬರೀ ಆಕಸ್ಮಿಕವೆಂದು ಹೇಳುವುದು ಕಷ್ಟ.

ಈ ಲೆಕ್ಕಕ್ಕೆ ಬಲ ಬರುವುದು ಸೂತ್ರದಿಂದಲ್ಲ, ಚೀಟಿಯಿಂದ. 12 ಕುಂಡಗಳನ್ನು ನಾಲ್ಕು ನಾಲ್ಕರಂತೆ ಮೂರು ಗೊಬ್ಬರಗಳಿಗೆ 34,650 ರೀತಿಯಲ್ಲಿ ಹಂಚಬಹುದು. ಚೀಟಿಯ ಮುಂದೆ ಈ ಎಲ್ಲ ಹಂಚಿಕೆಗಳೂ ಸಮಾನ. ಹಾಗಾಗಿಯೇ ಆಕಸ್ಮಿಕಕ್ಕೆ ಎಷ್ಟು ಅವಕಾಶವಿತ್ತು ಎಂದು ನಾವು ಎಣಿಸಿ ಹೇಳಬಹುದು. ಆಯ್ಕೆಯಲ್ಲಿ ಪಕ್ಷಪಾತ ನುಸುಳಿದ್ದರೆ ಎಷ್ಟೇ ದೊಡ್ಡ ಕಂಪ್ಯೂಟರೂ ಅದನ್ನು ಸರಿಪಡಿಸಲಾರದು. ಇಡೀ ಹೊಲದಲ್ಲಿ ಮಣ್ಣು ಒಂದೇ ತೆರನಾಗಿಲ್ಲದಿದ್ದರೆ, ಹೊಲವನ್ನು ಮೊದಲು ಬ್ಲಾಕುಗಳಾಗಿ ವಿಂಗಡಿಸಿ ಪ್ರತಿ ಬ್ಲಾಕಿನಲ್ಲೂ ಬೇರೆ ಬೇರೆಯಾಗಿ ಚೀಟಿ ಎತ್ತುವ ಕ್ರಮವನ್ನೂ ಫಿಶರ್ ರೂಪಿಸಿದರು.

ಇದೇ ವಿಚಾರವನ್ನು ಅವರು ಒಂದು ಚಹಾ ಪ್ರಸಂಗದ ಮೂಲಕ ವಿವರಿಸಿದ್ದಾರೆ. ರಾಥಮ್‌ಸ್ಟೆಡ್‌ನಲ್ಲಿ ಪಾಚಿಗಳ ಸಂಶೋಧಕಿಯಾಗಿದ್ದ ಮ್ಯೂರಿಯಲ್ ಬ್ರಿಸ್ಟಲ್, ಕಪ್ಪಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಎಂದು ರುಚಿಯಿಂದಲೇ ಗುರುತಿಸಬಲ್ಲೆನೆಂದರು. ಎಂಟು ಕಪ್ಪುಗಳಲ್ಲಿ ನಾಲ್ಕನ್ನು ಒಂದು ಬಗೆಯಲ್ಲೂ ನಾಲ್ಕನ್ನು ಇನ್ನೊಂದು ಬಗೆಯಲ್ಲೂ ತಯಾರಿಸಿ, ಕ್ರಮವನ್ನು ಚೀಟಿಯಿಂದ ನಿರ್ಧರಿಸಿದರೆ, ಬರೀ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ ಒಂದು ಮಾತ್ರ. ಒಂದು ಕಪ್ ಚಹಾದ ವಾದವನ್ನೂ ನ್ಯಾಯಯುತವಾಗಿ ಪರೀಕ್ಷಿಸಬಹುದೆಂದು ಅವರು ಹೀಗೆ ತೋರಿಸಿದರು.

1925ರಲ್ಲಿ ಸಂಶೋಧಕರಿಗಾಗಿ ಸಂಖ್ಯಾಶಾಸ್ತ್ರದ ವಿಧಾನಗಳನ್ನು ತಿಳಿಸುವ ಗ್ರಂಥವನ್ನೂ, 1935ರಲ್ಲಿ ಪ್ರಯೋಗಗಳ ವಿನ್ಯಾಸದ ಕುರಿತ ಗ್ರಂಥವನ್ನೂ ಅವರು ಪ್ರಕಟಿಸಿದರು. 1929ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. 1943ರಲ್ಲಿ ಕೇಂಬ್ರಿಜ್‌ನಲ್ಲಿ ತಳಿಶಾಸ್ತ್ರದ ಪ್ರಾಧ್ಯಾಪಕರಾದರು. 1952ರಲ್ಲಿ ಸರ್ ಪದವಿ ಬಂತು.

ಭಾರತದೊಂದಿಗೂ ಅವರಿಗೆ ನಂಟಿತ್ತು. ಪಿ. ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಬಂದು, 1938ರಲ್ಲಿ ಕಲ್ಕತ್ತಾದಲ್ಲಿ ನಡೆದ ಪ್ರಥಮ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿ ವಿಶ್ವವಿಖ್ಯಾತರಾದ ಸಿ. ಆರ್. ರಾವ್ ಅವರು 1948ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದದ್ದು ಫಿಶರ್ ಅವರ ಮಾರ್ಗದರ್ಶನದಲ್ಲೇ.

ಇಷ್ಟೆಲ್ಲ ಸಾಧಿಸಿದ ಮಹಾಮೇಧಾವಿಯೂ ಎಡವಿದ್ದುಂಟು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆಯೆಂದು 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ತೋರಿಸಿದರು. 1957ರಿಂದ ಫಿಶರ್ ಅದರ ವಿರುದ್ಧ ಬರೆದರು. ಯಾರು ಸೇದಬೇಕು, ಯಾರು ಸೇದಬಾರದು ಎಂದು ಚೀಟಿ ಎತ್ತಿ ನಿರ್ಧರಿಸಿಲ್ಲವಾದ್ದರಿಂದ ಬೇರೆ ಕಾರಣವೂ ಇರಬಹುದೆಂಬುದು ಅವರ ವಾದ. ತರ್ಕದಲ್ಲಿ ಇದು ತಪ್ಪಲ್ಲ. ಆದರೆ ಬೇರೆ ಬೇರೆ ದಿಕ್ಕುಗಳಿಂದ ಸಾಕ್ಷ್ಯಗಳು ಬಂದು ಸೇರುತ್ತಿದ್ದಾಗ ಅವುಗಳಿಗೆ ಕೊಡಬೇಕಾದ ತೂಕವನ್ನು ಅವರು ಕೊಡಲಿಲ್ಲ. ಅವರು ಸ್ವತಃ ಪೈಪ್ ಸೇದುತ್ತಿದ್ದರು. ತಂಬಾಕು ಉತ್ಪಾದಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ಮಾನವ ಜನಾಂಗಗಳ ನಡುವೆ ಬುದ್ಧಿಶಕ್ತಿಯಲ್ಲಿ ಹುಟ್ಟಿನಿಂದಲೇ ಅಂತರವಿದೆಯೆಂಬ ನಂಬಿಕೆಯನ್ನೂ ಅವರು ಬಿಡಲಿಲ್ಲ. ಮನುಷ್ಯರಲ್ಲಿ ಮೇಲು ತಳಿ, ಕೀಳು ತಳಿಯನ್ನು ಎಣಿಸುವ ಯೂಜೆನಿಕ್ಸ್ ಚಳವಳಿಯನ್ನು ಬೆಂಬಲಿಸಿದ್ದರು. ಈ ಕಾರಣದಿಂದ, ಅವರ ನೆನಪಿಗಾಗಿ ಕೀಸ್ ಕಾಲೇಜಿನಲ್ಲಿ ಅಳವಡಿಸಿದ್ದ ಬಣ್ಣದ ಗಾಜಿನ ಕಿಟಕಿಯನ್ನು 2020ರಲ್ಲಿ ತೆಗೆದುಹಾಕಲಾಯಿತು.

ನಿವೃತ್ತಿಯ ನಂತರ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನೆಲೆಸಿದ ಫಿಶರ್ 1962ರ ಜುಲೈ 29ರಂದು ಅಲ್ಲಿಯೇ ನಿಧನರಾದರು.

ಮನುಷ್ಯ ತನ್ನ ಇಷ್ಟಾನಿಷ್ಟಗಳನ್ನು ಬದಿಗಿಟ್ಟಾಗ ಮಾತ್ರ ಪ್ರಯೋಗವು ಸತ್ಯವನ್ನು ನುಡಿಯುತ್ತದೆ ಎಂಬುದನ್ನು ಜಗತ್ತಿಗೆ ಕಲಿಸಿದವರು ಅವರು. ತಮ್ಮದೇ ಒಲವುಗಳ ಮುಂದೆ ಆ ಪಾಠವನ್ನು ಪೂರ್ತಿಯಾಗಿ ಪಾಲಿಸಲು ಅವರಿಗೂ ಆಗಲಿಲ್ಲ. ಪ್ರಯೋಗಾಲಯದಲ್ಲಿ ಕುಂಡಗಳನ್ನು ಜೋಡಿಸುವ ನಮ್ಮ ವಿದ್ಯಾರ್ಥಿಗಳು ಬೇಕಾದ ಉತ್ತರಕ್ಕಾಗಿ ಅಂಕಿಗಳನ್ನು ತಿದ್ದದೆ, ಮೊದಲು ಪ್ರಾಮಾಣಿಕವಾಗಿ ಚೀಟಿ ಎತ್ತಲಿ. ಬಂದ ಉತ್ತರ ತಮಗೆ ಹಿಡಿಸದಿದ್ದರೂ ಅದನ್ನು ಹಾಗೆಯೇ ಬರೆದಿಡುವ ಧೈರ್ಯ ಅವರಿಗಿರಲಿ.