ಡಾಕ್ಟರ್ ಕೋಟ್ನಿಸ್

ಯುದ್ಧದಲ್ಲಿ ಆಯುಧ ಹಿಡಿದು ಹೋರಾಡುವವರು ಮಾತ್ರ ವೀರರಲ್ಲ. ಗುಂಡಿನ ಮಳೆಯ ನಡುವೆ ನುಗ್ಗಿ, ಗಾಯಗೊಂಡವರ ಪ್ರಾಣವನ್ನು ಉಳಿಸುವವರೂ ವೀರರೇ. ತಮ್ಮದಲ್ಲದ ನಾಡಿಗೆ ಹೋಗಿ, ತಮ್ಮ ಭಾಷೆಯನ್ನರಿಯದ ಜನರ ಶುಶ್ರೂಷೆಯಲ್ಲಿಯೇ ಜೀವವನ್ನು ತೆತ್ತವರು ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್.

ವಿಜಯಪುರದಿಂದ ಉತ್ತರಕ್ಕೆ ಪಯಣಿಸಿದರೆ, ರಾಜ್ಯದ ಗಡಿಯಾಚೆ ಸೊಲ್ಲಾಪುರ ನಗರ ದೊರೆಯುತ್ತದೆ. ಶಿವಯೋಗಿ ಸಿದ್ಧರಾಮನ ನೆಲವಾದ ಈ ಊರಿನಲ್ಲಿ ಮರಾಠಿ, ಕನ್ನಡ, ತೆಲುಗು ಭಾಷೆಗಳನ್ನಾಡುವ ಜನರು ಬಹುಕಾಲದಿಂದ ಕೂಡಿ ಬಾಳಿದ್ದಾರೆ. ಇಲ್ಲಿ, ಮರಾಠಿ ಮನೆಮಾತಿನ ಮಧ್ಯಮವರ್ಗದ ಕುಟುಂಬವೊಂದರಲ್ಲಿ, 1910ರ ಅಕ್ಟೋಬರ್ 10ರಂದು ದ್ವಾರಕಾನಾಥರು ಜನಿಸಿದರು. ತಂದೆ ಶಾಂತಾರಾಮ ಕೋಟ್ನಿಸ್. ಬಾಲಕನಿಗೆ ವೈದ್ಯನಾಗಬೇಕೆಂಬ ಹಂಬಲ. ಅದರಂತೆ ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ಪದವಿ ಪಡೆದರು. ಹೆಚ್ಚಿನ ವ್ಯಾಸಂಗಕ್ಕೆ ಅಣಿಯಾಗುತ್ತಿದ್ದಾಗಲೇ ಅವರ ಬದುಕು ಬೇರೊಂದು ದಾರಿಗೆ ಹೊರಳಿತು.

1937ರ ಜುಲೈ ತಿಂಗಳಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧವನ್ನಾರಂಭಿಸಿತು. ಲಕ್ಷಾಂತರ ಜನರು ಮನೆಮಠಗಳನ್ನು ಕಳೆದುಕೊಂಡರು. ಗಾಯಾಳುಗಳನ್ನು ನೋಡಿಕೊಳ್ಳಲು ಸಾಕಷ್ಟು ವೈದ್ಯರಿರಲಿಲ್ಲ, ಔಷಧಗಳೂ ಇರಲಿಲ್ಲ. ಚೀನಾದ ಸೇನಾನಿ ಝು ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ನೆರವು ಕೋರಿದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಸುಭಾಷಚಂದ್ರ ಬೋಸರು. ಭಾರತವು ಆಗ ಪರರ ಆಳ್ವಿಕೆಯಲ್ಲಿತ್ತು. ಆದರೂ ಮತ್ತೊಂದು ನಾಡಿನ ನೋವಿಗೆ ಜನರು ಮಿಡಿದರು. ತಮ್ಮ ಕೈಲಾದಷ್ಟು ಹಣ ನೀಡಿದರು. ಐವರು ವೈದ್ಯರ ತಂಡವೊಂದನ್ನು ಕಳುಹಿಸಲು ತೀರ್ಮಾನವಾಯಿತು. ಅಟಲ್, ಚೋಳಕರ್, ಬಸು, ಮುಖರ್ಜಿ ಮತ್ತು ಕೋಟ್ನಿಸ್ ಇವರೇ ಆ ಐವರು. ಹೊಸದಾಗಿ ವೃತ್ತಿಯನ್ನಾರಂಭಿಸಬೇಕಾಗಿದ್ದ ಕೋಟ್ನಿಸರು ಸಂಪಾದನೆಯ ಆಸೆಯನ್ನು ಬದಿಗಿರಿಸಿ ತಾವಾಗಿಯೇ ಮುಂದೆ ಬಂದಿದ್ದರು.

1938ರ ಸೆಪ್ಟೆಂಬರ್‌ನಲ್ಲಿ ತಂಡವು ಹಡಗಿನಲ್ಲಿ ಮುಂಬಯಿಯಿಂದ ಹೊರಟು ಚೀನಾ ತಲುಪಿತು. ಶತ್ರುಗಳು ಮುನ್ನುಗ್ಗಿದಂತೆ ವೈದ್ಯರು ಊರಿಂದೂರಿಗೆ ಸಾಗಬೇಕಾಯಿತು. 1939ರ ಫೆಬ್ರವರಿಯಲ್ಲಿ ಅವರು ಯೆನಾನ್ ಸೇರಿದರು. ಚೀನಾದಲ್ಲಿದ್ದಾಗಲೇ ಕೋಟ್ನಿಸರಿಗೆ ತಂದೆಯ ಮರಣವಾರ್ತೆ ಬಂದಿತು. ಊರಿಗೆ ಮರಳಲು ಇದಕ್ಕಿಂತ ಬಲವಾದ ಕಾರಣ ಬೇಕಿರಲಿಲ್ಲ. ಒಂದೆಡೆ ದುಃಖದಲ್ಲಿ ಮುಳುಗಿದ್ದ ತಾಯಿ, ಒಡಹುಟ್ಟಿದವರು; ಇನ್ನೊಂದೆಡೆ ಚಿಕಿತ್ಸೆಗಾಗಿ ಕಾದಿದ್ದ ಅಸಂಖ್ಯ ಗಾಯಾಳುಗಳು. ಕೋಟ್ನಿಸರು ದುಃಖವನ್ನು ನುಂಗಿಕೊಂಡು ಕರ್ತವ್ಯದಲ್ಲಿಯೇ ಉಳಿದರು.

ಅವರು ಎಂಟನೆಯ ಮಾರ್ಗಸೇನೆ ಎಂದು ಹೆಸರಾಗಿದ್ದ ಸೈನ್ಯದೊಡನೆ ಉತ್ತರ ಚೀನಾದ ಗುಡ್ಡಗಾಡಿಗೆ ತೆರಳಿದರು. ರಣರಂಗದ ಆಸ್ಪತ್ರೆಯೆಂದರೆ ನಗರದ ಆಸ್ಪತ್ರೆಯಂತಲ್ಲ. ಅದಕ್ಕೆ ನಿಶ್ಚಿತವಾದ ಕಟ್ಟಡವಿಲ್ಲ. ಸೈನ್ಯ ನಡೆದತ್ತ ಅದೂ ನಡೆಯಬೇಕು. ರೈತನ ಗುಡಿಸಲಾಗಲಿ, ಹಳೆಯ ಗುಡಿಯಾಗಲಿ, ದೊರೆತ ಸ್ಥಳವೇ ಶಸ್ತ್ರಚಿಕಿತ್ಸೆಯ ಕೊಠಡಿ. ಶತ್ರುಗಳು ಸಮೀಪಿಸಿದರೆ ರೋಗಿಗಳನ್ನು ಹೊತ್ತುಕೊಂಡು ಬೆಟ್ಟ ಹತ್ತಬೇಕು. ಸುತ್ತಲೂ ಶತ್ರುಗಳ ದಿಗ್ಬಂಧನವಿದ್ದುದರಿಂದ ಔಷಧಗಳು ದುರ್ಲಭವಾಗಿದ್ದವು. ಇಂಥ ಕಡೆ ಶಸ್ತ್ರಚಿಕಿತ್ಸೆ ಮಾಡಿ ಮುಗಿಸಿದರೆ ವೈದ್ಯನ ಕೆಲಸ ಮುಗಿಯದು. ಗಾಯವನ್ನು ತೊಳೆಯುವುದು, ಕಟ್ಟು ಬದಲಿಸುವುದು, ಜ್ವರದಿಂದ ಕನವರಿಸುವವನ ಬಳಿ ಕುಳಿತು ಧೈರ್ಯ ತುಂಬುವುದು ಇವೆಲ್ಲ ಅಷ್ಟೇ ಮುಖ್ಯ. 1940ರಲ್ಲಿ ನಡೆದ ಒಂದು ದೀರ್ಘ ಕದನದ ಕಾಲದಲ್ಲಿ ಕೋಟ್ನಿಸರು 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು. ಆ ಕದನದಲ್ಲಿ ಅವರಿಂದ ಚಿಕಿತ್ಸೆ ಪಡೆದವರ ಸಂಖ್ಯೆ 800ಕ್ಕೂ ಮಿಕ್ಕಿತ್ತು.

ರೋಗಿಯ ನೋವು ತಿಳಿಯಬೇಕಾದರೆ ಅವನ ಮಾತು ತಿಳಿಯಬೇಕು. ಆದ್ದರಿಂದ ಕೋಟ್ನಿಸರು ಶ್ರಮವಹಿಸಿ ಚೀನೀ ಭಾಷೆಯನ್ನು ಕಲಿತರು. ಆ ಭಾಷೆಯಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಚೀನೀಯರು ಅವರನ್ನು ಕೆ ದಿಹುವಾ ಎಂಬ ಹೆಸರಿನಿಂದ ಕರೆದರು. ಹುವಾ ಎಂದರೆ ಚೀನಾ.

ಅದೇ ಪ್ರದೇಶದಲ್ಲಿ ಕೆನಡಾ ದೇಶದ ಪ್ರಸಿದ್ಧ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಸೇವೆ ಸಲ್ಲಿಸಿದ್ದರು. ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರ್‌ನಲ್ಲಿ ಅವರು ತೀರಿಕೊಂಡಿದ್ದರು. ಅವರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸರು ನಿರ್ದೇಶಕರಾದರು. ಅಲ್ಲಿನ ವೈದ್ಯಕೀಯ ಶಾಲೆಯಲ್ಲಿ ಶುಶ್ರೂಷಾ ವಿದ್ಯೆಯನ್ನು ಬೋಧಿಸುತ್ತಿದ್ದವರು ಗುವೋ ಚಿಂಗ್‌ಲಾನ್. ಸೇವಾದೀಕ್ಷೆಯೇ ಇಬ್ಬರನ್ನೂ ಹತ್ತಿರ ತಂದಿತು. 1941ರಲ್ಲಿ ಅವರ ವಿವಾಹವಾಯಿತು. ಮರುವರ್ಷ ಆಗಸ್ಟಿನಲ್ಲಿ ಗಂಡುಮಗು ಜನಿಸಿತು. ಭಾರತ ಮತ್ತು ಚೀನಾ ಎರಡನ್ನೂ ಸೂಚಿಸುವ ಯಿನ್‌ಹುವಾ ಎಂಬ ಹೆಸರನ್ನು ಮಗುವಿಗಿಟ್ಟರು.

ಆದರೆ ವಿಶ್ರಾಂತಿಯಿಲ್ಲದ ದುಡಿಮೆ, ಅರೆಹೊಟ್ಟೆಯ ಊಟ, ಕಠಿಣ ಹವೆ ಇವು ಅವರ ದೇಹವನ್ನು ಜರ್ಜರಗೊಳಿಸಿದ್ದವು. ಮೂರ್ಛೆರೋಗ ಆಗಾಗ ಕಾಡತೊಡಗಿತು. ಪರರ ರೋಗವನ್ನು ಕಂಡ ಕೂಡಲೇ ಓಡುತ್ತಿದ್ದ ವೈದ್ಯರು ತಮ್ಮ ರೋಗವನ್ನು ಲೆಕ್ಕಿಸಲಿಲ್ಲ. ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯವೊಂದನ್ನು ಬರೆಯುವ ಕಾರ್ಯದಲ್ಲಿ ಅವರು ತೊಡಗಿದ್ದರು, ಅದು ಪೂರ್ಣವಾಗಲಿಲ್ಲ. 1942ರ ಡಿಸೆಂಬರ್ 9ರಂದು ಅವರು ಕೊನೆಯುಸಿರೆಳೆದರು. ಆಗ ಅವರ ವಯಸ್ಸು ಕೇವಲ 32. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಚೀನಾಕ್ಕೆ ಹೋಗಿದ್ದ ಐವರಲ್ಲಿ ನಾಲ್ವರು ತಾಯ್ನಾಡಿಗೆ ಮರಳಿದರು. ಕೋಟ್ನಿಸರು ಮಾತ್ರ ಮರಳಲಿಲ್ಲ.

ಇಂದು ಅವರ ಸಮಾಧಿ ಚೀನಾದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿದೆ. ಸೊಲ್ಲಾಪುರದಲ್ಲಿಯೂ ಅವರ ಸ್ಮಾರಕವಿದೆ. 1946ರಲ್ಲಿ ವಿ. ಶಾಂತಾರಾಮ್ ಅವರು ಇವರ ಜೀವನವನ್ನು ಚಲನಚಿತ್ರವಾಗಿಸಿದರು. ಚೀನಾ 1982ರಲ್ಲಿ, ಭಾರತ 1993ರಲ್ಲಿ ಅವರ ನೆನಪಿಗೆ ಅಂಚೆಚೀಟಿಗಳನ್ನು ಹೊರತಂದವು. 1962ರಲ್ಲಿ ಈ ಎರಡು ದೇಶಗಳ ನಡುವೆಯೇ ಯುದ್ಧವಾಯಿತು. ಗಡಿಯ ವಿವಾದಗಳು ಆಮೇಲೆಯೂ ಉಳಿದವು. ಆದರೂ ಕೋಟ್ನಿಸರ ಹೆಸರನ್ನು ಎರಡೂ ನಾಡುಗಳು ಗೌರವದಿಂದ ನೆನೆಯುತ್ತಿವೆ. ದೇಶಗಳಿಗೆ ಗಡಿಗಳುಂಟು, ನೋವಿಗೆ ಗಡಿಯಿಲ್ಲ, ಅದನ್ನು ನೀಗಿಸಲು ಚಾಚುವ ಕೈಗೂ ಗಡಿಯಿಲ್ಲ. ಈ ಸತ್ಯವನ್ನು ಕೋಟ್ನಿಸರು ಬಾಳಿ ತೋರಿಸಿದರು.