ಎರಡು ನರಕೋಶಗಳ ಆಮೆ

ಮಕ್ಕಳೇ, ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರದ ಸುತ್ತಮುತ್ತ ಎಷ್ಟೊಂದು ಕೆರೆಕಟ್ಟೆಗಳಿವೆ, ಅಲ್ಲವೇ? ತಿಳಿನೀರಿನ ಕೆರೆಕುಂಟೆಗಳಲ್ಲಿ ನೀರುಗಿಡಗಳಿಗೆ ಅಂಟಿಕೊಂಡು ಬದುಕುವ ಪುಟ್ಟ ಪ್ರಾಣಿ ಹೈಡ್ರಾ. ಅದರ ಉದ್ದ ಸುಮಾರು ಒಂದು ಸೆಂಟಿಮೀಟರ್. ಅದಕ್ಕೆ ಮಿದುಳೇ ಇಲ್ಲ! ಮೈತುಂಬ ಬಲೆಯಂತೆ ಹರಡಿದ ನರಕೋಶಗಳಷ್ಟೇ ಇವೆ. ಆದರೂ ಮುಟ್ಟಿದರೆ ಮುದುಡುತ್ತದೆ, ಬೆಳಕಿನತ್ತ ಸರಿಯುತ್ತದೆ, ಆಹಾರ ಹಿಡಿಯುತ್ತದೆ.

ಇಷ್ಟು ಸರಳ ನರಮಂಡಲದಿಂದ ಇದೆಲ್ಲ ಹೇಗೆ ಸಾಧ್ಯ? ಇಂಥವುಗಳಿಂದ ಮುಂದೆ ಮಿದುಳು ಹೇಗೆ ವಿಕಾಸವಾಯಿತು? ನರಗಳು ಮೃದುವಾದ್ದರಿಂದ ಪಳೆಯುಳಿಕೆಗಳಲ್ಲಿ ಉಳಿಯುವುದು ಬಲು ಅಪರೂಪ. ಆದ್ದರಿಂದ ವಿಜ್ಞಾನಿಗಳು ಮಾದರಿಗಳನ್ನು ಮಾಡಿ ನೋಡುತ್ತಾರೆ. ಅಂತಹ ಮಾದರಿ ಪ್ರಾಣಿಯನ್ನು ಮೊದಮೊದಲು ಮಾಡಿದವರಲ್ಲಿ ಒಬ್ಬರು ವಿಲಿಯಂ ಗ್ರೇ ವಾಲ್ಟರ್.

ವಾಲ್ಟರ್ ಹುಟ್ಟಿದ್ದು 1910ರಲ್ಲಿ, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ. ಬಾಲ್ಯದಲ್ಲೇ ಇಂಗ್ಲೆಂಡಿಗೆ ಬಂದ ಅವರು ಕೇಂಬ್ರಿಜ್‌ನಲ್ಲಿ ಓದಿದರು. ಮಿದುಳಿನಲ್ಲಿ ಉಂಟಾಗುವ ಸಣ್ಣ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಯಂತ್ರ ಆಗಿನ್ನೂ ಹೊಸತು. ಅದನ್ನು ಅವರು ಸುಧಾರಿಸಿದರು. ಮಿದುಳಿನಲ್ಲಿ ಗಡ್ಡೆ ಇರುವ ಜಾಗದ ಸುತ್ತ ಅಲೆಗಳು ನಿಧಾನವಾಗುತ್ತವೆ ಎಂದು 1936ರಲ್ಲಿ ತೋರಿಸಿದರು. ತಲೆಬುರುಡೆ ತೆರೆಯುವ ಮೊದಲೇ ಗಡ್ಡೆ ಎಲ್ಲಿದೆ ಎಂದು ಊಹಿಸಲು ವೈದ್ಯರಿಗೆ ಇದು ನೆರವಾಯಿತು. 1939ರಿಂದ ಅವರು ಬ್ರಿಸ್ಟಲ್ ನಗರದ ಬರ್ಡನ್ ನರವಿಜ್ಞಾನ ಸಂಸ್ಥೆಯಲ್ಲಿ ದುಡಿದರು.

ನಮ್ಮ ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳಿವೆ. ಆದರೆ ಮುಖ್ಯವಾದದ್ದು ಅವುಗಳ ಸಂಖ್ಯೆಯಲ್ಲ, ಅವು ಒಂದಕ್ಕೊಂದು ಜೋಡಣೆಯಾಗಿರುವ ರೀತಿ ಎಂದು ವಾಲ್ಟರ್ ಭಾವಿಸಿದರು. ಇದನ್ನು ಪರೀಕ್ಷಿಸಲು 1948-49ರಲ್ಲಿ ಎರಡು ಯಂತ್ರ ಆಮೆಗಳನ್ನು ತಯಾರಿಸಿದರು. ಅವುಗಳ ಹೆಸರು ಎಲ್ಮರ್ ಮತ್ತು ಎಲ್ಸಿ. ಹಳೆಯ ಗಡಿಯಾರಗಳ ಹಲ್ಲುಚಕ್ರಗಳೂ ಅವುಗಳೊಳಗೆ ಸೇರಿದ್ದವು.

ಪ್ರತಿ ಆಮೆಗೂ ಮೂರು ಚಕ್ರ, ಬೆಳಕನ್ನು ಗುರುತಿಸುವ ಒಂದು ಕಣ್ಣು, ಸ್ಪರ್ಶ ತಿಳಿಯುವ ಒಂದು ಚಿಪ್ಪು. ನರಕೋಶಗಳ ಬದಲಿಗೆ ಹಳೆಯ ರೇಡಿಯೋಗಳಲ್ಲಿರುತ್ತಿದ್ದಂತಹ ಎರಡೇ ಎರಡು ವಾಲ್ವ್‌ಗಳು! ಆಮೆ ಸುತ್ತ ನೋಡುತ್ತ ಬೆಳಕನ್ನು ಹುಡುಕುತ್ತಿತ್ತು. ಮಂದ ಬೆಳಕು ಕಂಡರೆ ಅತ್ತ ಹೋಗುತ್ತಿತ್ತು, ಬೆಳಕು ಪ್ರಖರವಾದರೆ ದೂರ ಸರಿಯುತ್ತಿತ್ತು. ಏನಾದರೂ ಅಡ್ಡ ಬಂದರೆ ತಳ್ಳಿ, ಹೊರಳಿ, ದಾರಿ ಮಾಡಿಕೊಳ್ಳುತ್ತಿತ್ತು. ಬ್ಯಾಟರಿ ಕುಗ್ಗಿದಾಗ ಮಾತ್ರ ಪ್ರಖರ ಬೆಳಕಿಗೆ ಹೆದರದೆ, ದೀಪವಿದ್ದ ತನ್ನ ಗೂಡಿಗೆ ನುಗ್ಗಿ ಚಾರ್ಜ್ ಮಾಡಿಕೊಳ್ಳುತ್ತಿತ್ತು. ಹಸಿದ ಪ್ರಾಣಿ ಮನೆಗೆ ಮರಳಿದಂತೆ!

ಇಷ್ಟಕ್ಕೇ ವಾಲ್ಟರ್ ಸುಮ್ಮನಾಗಲಿಲ್ಲ. ಅನುಭವದಿಂದ ಕಲಿಯುವ ಯಂತ್ರವನ್ನೂ ರಚಿಸಿದರು. ಸೀಟಿ ಊದಿ ಬೆಳಕು ತೋರಿಸುವುದನ್ನು ಹಲವು ಸಲ ಮಾಡಿದ ಮೇಲೆ, ಬರೀ ಸೀಟಿ ಕೇಳಿದರೂ ಅದು ಬೆಳಕು ಕಂಡಂತೆಯೇ ವರ್ತಿಸುತ್ತಿತ್ತು. 1951ರಲ್ಲಿ ಬ್ರಿಟನ್ನಿನ ದೊಡ್ಡ ಪ್ರದರ್ಶನವೊಂದರಲ್ಲಿ ಜನ ಈ ಆಮೆಗಳನ್ನು ನೋಡಿ ಬೆರಗಾದರು.

1970ರಲ್ಲಿ ಸ್ಕೂಟರ್ ಅಪಘಾತದಲ್ಲಿ ವಾಲ್ಟರ್ ಅವರ ತಲೆಗೆ ತೀವ್ರ ಪೆಟ್ಟಾಯಿತು. ಜೀವನವಿಡೀ ಮಿದುಳನ್ನು ಅಭ್ಯಾಸ ಮಾಡಿದವರ ಮಿದುಳಿಗೇ ಗಾಯವಾಗಿತ್ತು. ಅವರು ಮೊದಲಿನಂತಾಗಲಿಲ್ಲ. 1977ರಲ್ಲಿ ತೀರಿಕೊಂಡರು.

ಈಗ ವಿಜ್ಞಾನಿಗಳು ಕಂಪ್ಯೂಟರಿನಲ್ಲೇ ಕಾಲ್ಪನಿಕ ಪ್ರಾಣಿಗಳನ್ನು ಸೃಷ್ಟಿಸುತ್ತಾರೆ. ಅವುಗಳ ನರಜೋಡಣೆಯನ್ನು ತಲೆಮಾರಿನಿಂದ ತಲೆಮಾರಿಗೆ ತುಸು ಬದಲಿಸಿ, ಚೆನ್ನಾಗಿ ಬದುಕುವವನ್ನು ಉಳಿಸುತ್ತ ವಿಕಾಸವನ್ನು ಅನುಕರಿಸುತ್ತಾರೆ. ಎರಡೇ ವಾಲ್ವ್‌ಗಳ ಆಮೆ ಈ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು.

ಯೋಚಿಸಿ: ಆಮೆಗೆ ಮೂರನೆಯ ವಾಲ್ವ್ ಕೊಡುವುದಾದರೆ, ನೀವು ಅದಕ್ಕೆ ಯಾವ ಕೆಲಸ ಕಲಿಸುವಿರಿ?