ಇಡೀ ಸಮಿತಿ ಒಂದು ಕಡೆ, ಕಾಸರಗೋಡಿನ ಶೆಣೈ ಇನ್ನೊಂದು ಕಡೆ!

1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ನೀಡಲು ಕೇಂದ್ರ ಸರ್ಕಾರ ಘಟಾನುಘಟಿ ಅರ್ಥಶಾಸ್ತ್ರಜ್ಞರ ಸಮಿತಿ ರಚಿಸಿತ್ತು. ವಿ.ಕೆ.ಆರ್.ವಿ. ರಾವ್, ಡಿ.ಆರ್. ಗಾಡ್ಗೀಳ್‌ರಂಥವರು ಅದರಲ್ಲಿದ್ದರು. ಸಮಿತಿ ಯೋಜನೆಗೆ ಸೈ ಎಂದಿತು. ಭಿನ್ನಮತದ ಟಿಪ್ಪಣಿ ಬರೆದುಕೊಟ್ಟವರು ಒಬ್ಬರೇ: ಅಹಮದಾಬಾದ್‌ನ ಗುಜರಾತ್ ವಿಶ್ವವಿದ್ಯಾಲಯದ ಪ್ರೊಫೆಸರ್ ಬಿ.ಆರ್. ಶೆಣೈ.

ಶೆಣೈ ಹುಟ್ಟಿದ್ದು 1905ರಲ್ಲಿ, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತ್‌ನಲ್ಲಿ. ಬನಾರಸ್‌ನಲ್ಲಿ ಓದಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿ ಹಯೆಕ್ ಉಪನ್ಯಾಸ ಕೇಳಿದವರಿಗೆ ಮುಕ್ತ ಮಾರುಕಟ್ಟೆಯ ಮೇಲಿನ ನಂಬಿಕೆ ಕೊನೆವರೆಗೂ ಹೋಗಲಿಲ್ಲ. ರಿಸರ್ವ್ ಬ್ಯಾಂಕ್‌ನಲ್ಲಿದ್ದು, 1954ರಲ್ಲಿ ಅಹಮದಾಬಾದ್‌ಗೆ ಬಂದರು.

ಅವರ ತಕರಾರು ಮನೆಖರ್ಚಿನ ಲೆಕ್ಕದಷ್ಟೇ ಸರಳ. ಸರ್ಕಾರದ ಯೋಜನಾ ವೆಚ್ಚ 4,800 ಕೋಟಿ ರೂಪಾಯಿ, ಅದರಲ್ಲಿ 1,200 ಕೋಟಿ ಕೊರತೆ ಹಣಕಾಸು, ಅಂದರೆ ಹೆಚ್ಚುಕಮ್ಮಿ ನೋಟು ಮುದ್ರಿಸಿ ಹೊಂದಿಸುವುದು. ಜನರ ಉಳಿತಾಯ ಮೀರಿ ಖರ್ಚು ಮಾಡಿದರೆ ಸರಕು ಹೆಚ್ಚುವುದಿಲ್ಲ, ಬೆಲೆ ಏರುತ್ತದೆ, ವಿದೇಶಿ ವಿನಿಮಯ ಕರಗುತ್ತದೆ ಎಂದರು. ಲೈಸೆನ್ಸು, ನಿಯಂತ್ರಣ, ರಾಷ್ಟ್ರೀಕರಣವೂ ಬೇಡವೆಂದರು.

ದೆಹಲಿ ಕಿವಿಗೊಡಲಿಲ್ಲ. ಎರಡೇ ವರ್ಷ! 1957ರಲ್ಲಿ ವಿದೇಶಿ ವಿನಿಮಯ ಬಿಕ್ಕಟ್ಟು ಎದುರಾಗಿ ಆಮದಿಗೆ ಕಡಿವಾಣ ಬಿತ್ತು, ಯೋಜನೆಗೂ ಕತ್ತರಿ ಬಿತ್ತು. ಭಾರಿ ಉದ್ಯಮ ಬೇಕೇಬೇಕಿತ್ತು ಎನ್ನುವವರು ಇಂದಿಗೂ ಇದ್ದಾರೆ, ಅದು ಬೇರೆ ಚರ್ಚೆ. ದುಡ್ಡಿನ ಲೆಕ್ಕದಲ್ಲಂತೂ ಮೇಷ್ಟ್ರು ತಪ್ಪಲಿಲ್ಲ.

ಮಿಲ್ಟನ್ ಫ್ರೀಡ್‌ಮನ್, ಪೀಟರ್ ಬಾಯರ್ ಶೆಣೈ ಅವರನ್ನು ಮೆಚ್ಚಿದ್ದರು. 1968ರವರೆಗೆ ಅಹಮದಾಬಾದ್‌ನಲ್ಲಿ ಪಾಠ ಹೇಳಿ, ಬಳಿಕ ದೆಹಲಿಯಲ್ಲಿ ಸಂಶೋಧನಾ ಕೇಂದ್ರ ನಡೆಸಿದರು. ಅವರು ತೀರಿಕೊಂಡಿದ್ದು 1978ರ ಫೆಬ್ರುವರಿಯಲ್ಲಿ. ಲೈಸೆನ್ಸ್ ರಾಜ್‌ಗೆ ಕೊಡಲಿ ಬಿದ್ದಿದ್ದು 1991ರಲ್ಲಿ.